ಸೂರ್ಯನಿಂದ ಸರಿಯಾದ ದೂರ ಅಷ್ಟೇ ಸಾಕಾ?

"ಭೂಮಿ ಸೂರ್ಯನಿಂದ ಸರಿಯಾದ ದೂರದಲ್ಲಿದೆ, ಅದಕ್ಕೇ ಇಲ್ಲಿ ಮಾತ್ರ ನೀರು ದ್ರವವಾಗಿದೆ ಅನ್ನುತ್ತಾರೆ, ನಿಜವಾ?" ಅಂತ ಕೇಳಿದ್ದೀರಿ. ಅರ್ಧ ನಿಜ. ಶಾಲೆಯಲ್ಲಿ ನನಗೂ ಇಷ್ಟೇ ಹೇಳಿಕೊಟ್ಟಿದ್ದರು. ಆದರೆ ಚಂದ್ರನೂ ಸೂರ್ಯನಿಂದ ಹೆಚ್ಚುಕಡಿಮೆ ಅದೇ 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ ಅಲ್ವಾ? ಅಲ್ಲಿ ನೀರಿನ ಅಂಶ ಇರುವುದು ನಮ್ಮ ಚಂದ್ರಯಾನ-1 ಹೊತ್ತೊಯ್ದ ಉಪಕರಣಗಳಿಂದಲೂ ಗೊತ್ತಾಯಿತು. ಆದರೂ ಅಲ್ಲಿ ಒಂದು ಸಣ್ಣ ಹೊಂಡವೂ ಇಲ್ಲ. ಧ್ರುವಗಳ ಹತ್ತಿರ ಬಿಸಿಲೇ ಬೀಳದ ಕುಳಿಗಳಲ್ಲಿ ಮಂಜುಗಡ್ಡೆ ಇದೆ, ಅಷ್ಟೇ.

ಚಂದ್ರನಿಗಿಲ್ಲದ್ದು, ನಮಗಿರುವುದು ಗಾಳಿ. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಮೊದಲ ಉತ್ತರ ಅದೇ.

ನೀರು ದ್ರವವಾಗಿರಲು ಬಿಸಿಯ ಜೊತೆ ಒತ್ತಡವೂ ಬೇಕು, ಅದನ್ನು ಕೊಡುವುದು ಮೇಲಿನ ಗಾಳಿಯ ಭಾರ. ಒತ್ತಡ ಸುಮಾರು 6.1 ಮಿಲಿಬಾರ್‌ಗಿಂತ ಕೆಳಗಿಳಿದರೆ ಮಂಜುಗಡ್ಡೆ ಕರಗುವುದೇ ಇಲ್ಲ, ನೇರವಾಗಿ ಆವಿಯಾಗಿಬಿಡುತ್ತದೆ. ನಮ್ಮ ಸಮುದ್ರಮಟ್ಟದಲ್ಲಿ ಈ ಒತ್ತಡ 1013 ಮಿಲಿಬಾರ್. ಒತ್ತಡ ಇಳಿದಷ್ಟೂ ನೀರು ಬೇಗ ಕುದಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲೇ ಸುಮಾರು 97 ಡಿಗ್ರಿಗೆ ಕುದಿ ಬರುತ್ತದೆ. ಮಂಗಳ ಗ್ರಹದಲ್ಲಿ ಸರಾಸರಿ ಒತ್ತಡ ಬರೀ 6 ಮಿಲಿಬಾರ್ ಆಸುಪಾಸು. ಅಲ್ಲಿನ ತಗ್ಗು ಪ್ರದೇಶಗಳಲ್ಲಿ ಒತ್ತಡ ಸ್ವಲ್ಪ ಜಾಸ್ತಿ. ಅಲ್ಲೂ ಒಂದು ಲೋಟ ನೀರು ಸುರಿದರೆ ಹತ್ತು ಡಿಗ್ರಿ ಮುಟ್ಟುವಷ್ಟರಲ್ಲಿ ಕುದಿಯಲು ಶುರು. ಇಲ್ಲವೆಂದರೆ ಹೆಪ್ಪುಗಟ್ಟುತ್ತದೆ. ನಡುವೆ ಇರುವ ಜಾಗ ತೀರಾ ಕಡಿಮೆ.

ಗಾಳಿಯ ಇನ್ನೊಂದು ಕೆಲಸ ಬಿಸಿ ಹಿಡಿದಿಡುವುದು. ನೀರಾವಿ, ಇಂಗಾಲದ ಡೈಆಕ್ಸೈಡ್ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಮೈನಸ್ 18 ಡಿಗ್ರಿ ಸುತ್ತಮುತ್ತ ಇರುತ್ತಿತ್ತು. ಈಗ ಇರುವುದು ಸುಮಾರು 15. ಅಂದರೆ ಬರೀ ದೂರದ ಲೆಕ್ಕ ಹಿಡಿದರೆ ನಾವೂ ಮಂಜುಗಡ್ಡೆಯ ಮೇಲೆಯೇ ಇರಬೇಕಿತ್ತು! ಇದೇ ಕೆಲಸ ಅತಿಯಾದರೆ ಶುಕ್ರ ಗ್ರಹದ ಗತಿ. ಅಲ್ಲಿ ಒತ್ತಡಕ್ಕೇನೂ ಬರವಿಲ್ಲ, ನಮ್ಮ 90 ಪಟ್ಟು ಇದೆ. ಆದರೆ ಬಿಸಿ 460 ಡಿಗ್ರಿ. 374 ಡಿಗ್ರಿ ದಾಟಿದ ಮೇಲೆ ಎಷ್ಟೇ ಒತ್ತಿದರೂ ನೀರು ದ್ರವವಾಗುವುದಿಲ್ಲ.

ನೀರಿನ ಸ್ವಭಾವವನ್ನೂ ಮರೆಯಬಾರದು, ಇದನ್ನು ಯಾರೂ ಹೇಳುವುದೇ ಇಲ್ಲ. ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಆ ಹೈಡ್ರೋಜನ್ ಸಲ್ಫೈಡ್ ಅಣು ನೀರಿನ ಅಣುವಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಆದರೂ ಅದು ಮೈನಸ್ 60 ಡಿಗ್ರಿಗೇ ಕುದಿದು ಅನಿಲವಾಗುತ್ತದೆ. ಹಗುರವಾದ ನೀರು 100 ಡಿಗ್ರಿವರೆಗೆ ತಡೆಯುತ್ತದೆ. ಯಾಕೆಂದರೆ ಅದರ ಅಣುಗಳು ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಗಟ್ಟಿಯಾಗಿ ಎಳೆದುಕೊಂಡಿರುತ್ತವೆ.

ಇನ್ನು "ಇಲ್ಲಿ ಮಾತ್ರ" ಅಂದಿರಲ್ಲ, ಅದನ್ನು "ಮೇಲ್ಮೈಯಲ್ಲಿ ನೀರು ನಿಂತಿರುವುದು ಇಲ್ಲಿ ಮಾತ್ರ" ಅಂತ ತಿದ್ದಿಕೊಳ್ಳಿ. ಶನಿಯ ಉಪಗ್ರಹ ಎನ್ಸೆಲಾಡಸ್ ಸೂರ್ಯನಿಂದ ನಮಗಿಂತ ಒಂಬತ್ತೂವರೆ ಪಟ್ಟು ದೂರ. ಆದರೂ ಅದರ ಮಂಜಿನ ಚಿಪ್ಪಿನಡಿ ಸಮುದ್ರವಿದೆ. ಮೇಲಿನ ಮಂಜು ಒತ್ತಡ ಕೊಡುತ್ತದೆ, ಶನಿಯ ಸೆಳೆತ ಒಳಗನ್ನು ಹಿಸುಕಿ ಬಿಸಿಯಾಗಿಡುತ್ತದೆ. ಅಲ್ಲಿಂದ ಚಿಮ್ಮುವ ಬುಗ್ಗೆಗಳೊಳಗೆ ಕ್ಯಾಸಿನಿ ನೌಕೆ ಹಾದುಹೋಗಿ, ಆ ನೀರು ಉಪ್ಪುನೀರು ಅನ್ನುವುದನ್ನೂ ಕಂಡುಕೊಂಡಿದೆ.