ಸಮಕ್ಕೆ ಮರಳದ ತಾಳ

ಧಾರವಾಡದಿಂದ ಪತ್ರ ಬರೆದಿರುವ ಪಿಟೀಲು ಶಿಕ್ಷಕಿಯವರಿಗೆ ನಮಸ್ಕಾರ.

ಫ್ರಾನ್ಸಿನ ಸಂಯೋಜಕ ಒಲಿವಿಯೇ ಮೆಸಿಯಾನ್ ಬಗ್ಗೆ ನಾವು ಪ್ರಕಟಿಸಿದ ಪುಟ್ಟ ಟಿಪ್ಪಣಿ ಓದಿ ನೀವು ಮುಖ್ಯವಾಗಿ ಎರಡು ಪ್ರಶ್ನೆ ಕೇಳಿದ್ದೀರಿ. ಯುದ್ಧಕೈದಿಗಳ ಶಿಬಿರದಲ್ಲಿ ಐದು ಸಾವಿರ ಜನ ಕೂತು ಅವರ ಸಂಗೀತ ಕೇಳಿದ್ದು ನಿಜವೇ? ನಮ್ಮ ತಾಳಗಳ ಹೆಸರನ್ನು ಬರೀ ಅಲಂಕಾರಕ್ಕೆ ಬಳಸಿಕೊಂಡವರಲ್ಲವೇ ಅವರು?

ಮೊದಲನೆಯದರಲ್ಲಿ ತಪ್ಪು ನಮ್ಮದು. ಐದು ಸಾವಿರ ಎಂಬುದು ಮೆಸಿಯಾನ್ ಅವರೇ ಮುಂದೆ ಹೇಳುತ್ತಿದ್ದ ಲೆಕ್ಕ. ಕಛೇರಿ ನಡೆದ ಬ್ಯಾರಕ್ಕಿನಲ್ಲಿ ಕೆಲವು ನೂರು ಮಂದಿಗಷ್ಟೇ ಜಾಗವಿತ್ತು. ಅಲ್ಲಿ ನುಡಿಸಿದ ಚೆಲ್ಲೋಗೆ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಮೂರೇ ತಂತಿಗಳಿದ್ದವು ಎಂದೂ ಅವರು ಹೇಳುತ್ತಿದ್ದರು. ಅದನ್ನು ನುಡಿಸಿದ್ದ ಎಟಿಯೆನ್ ಪಾಸ್ಕಿಯೇ, ಇಲ್ಲ, ನಾಲ್ಕೂ ಇದ್ದವು ಎಂದು ತಿದ್ದಿದರು. ಲೆಕ್ಕ ಇಳಿದರೂ ಘಟನೆಯ ತೂಕ ಇಳಿಯುವುದಿಲ್ಲ. 1940ರಲ್ಲಿ ಜರ್ಮನ್ನರ ಕೈಗೆ ಸೆರೆಸಿಕ್ಕ ಮೆಸಿಯಾನ್ ಅವರನ್ನು ಗೋರ್ಲಿಟ್ಸ್ ಊರಿನ ಸ್ಟಾಲಾಗ್ 8ಎ ಶಿಬಿರಕ್ಕೆ ಒಯ್ದರು. ಸೆರೆಯಲ್ಲಿ ಜೊತೆಯಾದ ಕ್ಲಾರಿನೆಟ್, ಪಿಟೀಲು, ಚೆಲ್ಲೋ ವಾದಕರಿಗಾಗಿ, ತಮ್ಮ ಪಿಯಾನೋ ಸೇರಿಸಿ, ಎಂಟು ಭಾಗಗಳ ‘ಕಾಲದ ಕೊನೆಗಾಗಿ ಚತುರ್ವಾದ್ಯ’ವನ್ನು ಪೂರ್ಣಗೊಳಿಸಿದರು. 1941ರ ಜನವರಿ 15ರ ಚಳಿಯಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಕೇಳಿದವರೂ ಕೈದಿಗಳು, ಕಾವಲಿನವರು.

ಇನ್ನು ತಾಳದ ಮಾತು. ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯಲು ಅಪ್ಪಣೆ ಕೊಡಿ.

13ನೇ ಶತಮಾನದಲ್ಲಿ ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ 120 ದೇಶೀ ತಾಳಗಳನ್ನು ಪಟ್ಟಿ ಮಾಡಿದ. ಆ ಗ್ರಂಥಕ್ಕೆ ವಿಜಯನಗರದಲ್ಲಿ ಕಲ್ಲಿನಾಥ ವ್ಯಾಖ್ಯಾನ ಬರೆದದ್ದು ನಿಮಗೆ ಗೊತ್ತೇ ಇದೆ. ಅದೇ ಪಟ್ಟಿ 20ನೇ ಶತಮಾನದ ಆರಂಭದಲ್ಲಿ ಲಾವಿನ್ಯಾಕ್ ಅವರ ಫ್ರೆಂಚ್ ಸಂಗೀತ ವಿಶ್ವಕೋಶದೊಳಗೆ ಸೇರಿತು. ತರುಣ ಮೆಸಿಯಾನ್ ಕಣ್ಣಿಗೆ ಬಿದ್ದದ್ದು ಅಲ್ಲಿ. ಗುರುವಿನೆದುರು ಕೂತು, ತೊಡೆ ತಟ್ಟಿ ಕಲಿತದ್ದಲ್ಲ. ಪುಟ ನೋಡಿ ಕಲಿತದ್ದು.

ಅವರಿಗೆ ಅದರಲ್ಲಿ ಕಂಡದ್ದೇನು? ಢೇಂಕೀ ತಾಳವನ್ನೇ ನೋಡಿ. ಗುರು, ಲಘು, ಗುರು. ನಮ್ಮ ಛಂದಸ್ಸಿನ ರಗಣ. ಹಿಂದಿನಿಂದ ಓದಿದರೂ ಅದೇ, ‘ವಿಕಟಕವಿ’ ಎಂಬ ಪದದ ಹಾಗೆ. ಮುಂದಕ್ಕೂ ಹಿಂದಕ್ಕೂ ಒಂದೇ ಆಗಿರುವ ಲಯದಲ್ಲಿ ಕಾಲ ಓಡುವುದಿಲ್ಲ, ನಿಂತಿರುತ್ತದೆ. ಕ್ಯಾಥೊಲಿಕ್ ಶ್ರದ್ಧೆಯಲ್ಲಿ ಮುಳುಗಿದ್ದ ಮೆಸಿಯಾನ್‌ಗೆ ಬೇಕಿದ್ದದ್ದು ಆ ನಿಂತ ಕಾಲ, ಅನಂತ. ನಾವು ತಾಳವನ್ನು ಕೈಯಲ್ಲಿ ಹಾಕಿ ಅದರ ಚೌಕಟ್ಟಿನೊಳಗೆ ಹಾಡುತ್ತೇವೆ. ಅವರಲ್ಲಿ ತಾಳವೇ ಸ್ವರಗಳ ನಡಿಗೆ. ಕೈಯಲ್ಲಿ ಹಿಡಿಯುವ ಎಣಿಕೆಯೇ ಇಲ್ಲ.

ಚತುರ್ವಾದ್ಯದ ಮೊದಲ ಭಾಗದಲ್ಲಿ ಪಿಯಾನೋ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ಮೂರು ತಾಳಗಳನ್ನು ಜೋಡಿಸಿ 17 ಅವಧಿಗಳ ಸರಣಿಯನ್ನು ನುಡಿಸುತ್ತದೆ. ಅದರ ಮೇಲೆ 29 ಸ್ವರಮೇಳಗಳು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳು) ಬೇರೆಯೇ ಸುತ್ತು ಹಾಕುತ್ತವೆ. ಎರಡೂ ಒಟ್ಟಿಗೆ ಮೊದಲ ಜಾಗಕ್ಕೆ ಬರಬೇಕಾದರೆ 493 ಪೆಟ್ಟುಗಳು ಸಾಗಬೇಕು. ಸುಮಾರು ಮೂರು ನಿಮಿಷಕ್ಕೇ ಭಾಗ ಮುಗಿಯುವುದರಿಂದ ಸಮ, ಅಂದರೆ ಸುತ್ತು ಶುರುವಾಗುವ ಪೆಟ್ಟು, ಬರುವುದೇ ಇಲ್ಲ. ಪಲ್ಲವಿ ಕಟ್ಟುವವರಿಗೆ ಇದು ಎದೆಗೆ ತಾಗುವ ಸಂಗತಿ ಎಂದು ನನಗನ್ನಿಸುತ್ತದೆ. ಇದನ್ನು ಅಲಂಕಾರವೆಂದು ಕರೆಯಲು ನನ್ನಿಂದಾಗದು. ಹಾಗೆಂದು ‘ನಮ್ಮದನ್ನೇ ಒಯ್ದು ದೊಡ್ಡವರಾದರು’ ಎಂಬ ಮಾತನ್ನೂ ಒಪ್ಪಲಾರೆ. ತಾಳ ಎಲ್ಲಿಂದ ಬಂತೆಂದು ಅವರು ಜೀವನವಿಡೀ ಬಾಯಿತುಂಬ ಹೇಳಿದರು. 1949ರಲ್ಲಿ ಬಾಸ್ಟನ್‌ನಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ಮೊದಲು ನಿರ್ದೇಶಿಸಿದ ಹತ್ತು ಭಾಗಗಳ ಬೃಹತ್ ಸಿಂಫೊನಿಗೆ ‘ತುರಂಗಲೀಲಾ’ ಎಂದೇ ಹೆಸರಿಟ್ಟರು. ಅದೂ ಆ ಪಟ್ಟಿಯ ಒಂದು ತಾಳ.

ಜೀವನದ ವಿವರವನ್ನೂ ಕೇಳಿದ್ದೀರಿ. 1908ರಲ್ಲಿ ಅವಿನ್ಯೋನ್‌ನಲ್ಲಿ ಹುಟ್ಟಿದರು. ತಾಯಿ ಸೆಸಿಲ್ ಸೋವಾಜ್ ಕವಯಿತ್ರಿ. ಹನ್ನೊಂದನೇ ವರ್ಷಕ್ಕೆ ಪ್ಯಾರಿಸ್ ಕನ್ಸರ್ವೇಟರಿ ಸೇರಿದರು. ಮುಂದೆ ಅಲ್ಲೇ ಮೇಷ್ಟರಾಗಿ ಮುಂದೆ ಹೆಸರಾಂತ ಸಂಯೋಜಕರಾದ ಬುಲೆಜ್, ಕ್ಸೆನಾಕಿಸ್ ಅವರಂಥ ಶಿಷ್ಯರನ್ನು ಬೆಳೆಸಿದರು. 1931ರಿಂದ 1992ರಲ್ಲಿ ತೀರಿಕೊಳ್ಳುವವರೆಗೂ ಪ್ಯಾರಿಸ್ಸಿನ ತ್ರಿನಿತೆ ಚರ್ಚಿನ ಆರ್ಗನ್ ವಾದಕರಾಗಿದ್ದರು. ಮೊದಲ ಹೆಂಡತಿ, ಪಿಟೀಲು ವಾದಕಿ ಕ್ಲೇರ್ ಡೆಲ್ಬೋ, ನೆನಪಿನ ಶಕ್ತಿ ಕಳೆದುಕೊಂಡು ವರ್ಷಗಟ್ಟಲೆ ನರಳಿ 1959ರಲ್ಲಿ ತೀರಿಕೊಂಡರು. ಆ ವರ್ಷಗಳಲ್ಲೇ ಮೆಸಿಯಾನ್ ಬೆಳಗಿನ ಜಾವ ನೋಟ್‌ಬುಕ್ ಹಿಡಿದು ಕಾಡು ಸುತ್ತಿ, ಹಕ್ಕಿಗಳ ಹಾಡನ್ನು ಸ್ವರಕ್ಕೆ ಇಳಿಸುತ್ತಿದ್ದರು. 1956ರ ‘ವಿದೇಶೀ ಹಕ್ಕಿಗಳು’ ಶುರುವಾಗುವುದೇ ಭಾರತದ ಗೊರವಂಕದ ಕೂಗಿನಿಂದ. ಅವರ ಬಹಳಷ್ಟು ಪಿಯಾನೋ ಕೃತಿಗಳಿಗೆ ಜೀವ ಕೊಟ್ಟ ಶಿಷ್ಯೆ ಇವೊನ್ ಲೋರಿಯೋ ಅವರನ್ನು 1961ರಲ್ಲಿ ಮದುವೆಯಾದರು.

ಎಲ್ಲಿಂದ ಕೇಳಲು ಶುರುಮಾಡಲಿ ಎಂಬುದು ನಿಮ್ಮ ಪತ್ರದ ಕೊನೆಯ ಸಾಲು. ನೀವು ಪಿಟೀಲಿನವರು, ಚತುರ್ವಾದ್ಯದ ಎಂಟನೇ ಭಾಗದಿಂದಲೇ ಹೊರಡಿ. ಅಲ್ಲಿರುವುದು ಪಿಟೀಲು ಮತ್ತು ಪಿಯಾನೋ ಮಾತ್ರ. ಪಿಯಾನೋ ಎದೆಬಡಿತದಂತೆ ಮಿಡಿಯುತ್ತಿರುತ್ತದೆ, ಪಿಟೀಲು ಅತಿ ವಿಳಂಬದಲ್ಲಿ ಮೇಲೇರುತ್ತಾ ತಾರಸ್ಥಾಯಿಯ ತುದಿಯಲ್ಲಿ, ಕೇಳಿಯೂ ಕೇಳದಂತೆ, ನಿಲ್ಲುತ್ತದೆ. ಮೊದಲ ಸಲ ತಾಳ ಎಣಿಸಲು ಹೋಗಬೇಡಿ. ನಿಮ್ಮ ವಿದ್ಯಾರ್ಥಿಗಳಿಗೆ ಕೇಳಿಸಿದ ಮೇಲೆ ಅವರೇನಂದರು ಎಂದು ಬರೆಯಿರಿ, ಆ ಪತ್ರವನ್ನೂ ಪ್ರಕಟಿಸುತ್ತೇವೆ.

– ಸಂಪಾದಕ