ಊರಿನ ಶಾಲೆಗೆ ಬಂದು ಮಕ್ಕಳಿಗೆ ಹೇಳಿಕೊಡುವ ಯುವ ವಿಜ್ಞಾನಿಯನ್ನು ಹೇಗೆ ಗೌರವಿಸಬೇಕು?

ನಿಮ್ಮೂರಿನ ಹುಡುಗಿ ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಾ, ಬಿಡುವಿದ್ದಾಗ ಬಂದು ಸರ್ಕಾರಿ ಶಾಲೆ ಮಕ್ಕಳಿಗೆ ಪ್ರಯೋಗ ಕಲಿಸುತ್ತಾರೆ, ಸನ್ಮಾನ ಹೇಗೆ ಮಾಡಿದರೆ ಚೆನ್ನ ಅಂತ ಕೇಳಿದ್ದೀರಿ. ನಾನು ಗೌರಿಬಿದನೂರು ತಾಲ್ಲೂಕಿನಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ಶಾಲೆಗೂ ಇಂಥ ಒಬ್ಬರು ಬರುತ್ತಾರೆ. ಆಕೆಯ ಹೆಸರು ಹಾಕಿದರೆ ಬೈಯುತ್ತಾರೆ, ಬೇಡ.

ಶಾಲು, ಪೇಟ, ಹಣ್ಣಿನ ಬುಟ್ಟಿ ಬೇಡ ಅನ್ನಲ್ಲ. ಅವರ ಅಪ್ಪ ಅಮ್ಮನಿಗೆ ಖುಷಿಯಾಗುತ್ತದೆ, ಅದೂ ಬೇಕು. ಆದರೆ ಅರ್ಧ ಗಂಟೆಯಲ್ಲಿ ಮುಗಿಸಿ. ವೇದಿಕೆ ತುಂಬ ಗಣ್ಯರನ್ನು ಕೂರಿಸಿ, ಮಕ್ಕಳನ್ನು ಬಿಸಿಲಲ್ಲಿ ಒಣಗಿಸುವ ಕಾರ್ಯಕ್ರಮ ಮಾತ್ರ ಬೇಡ.

ಅದಕ್ಕಿಂತ ಮೊದಲು ಅವರಿಗೆ ಏನು ಬೇಕು ಅಂತ ಕೇಳಿ. ನಮ್ಮ ಶಾಲೆಗೆ ಬರುವವರು ಕೇಳಿದ್ದು ಪ್ರಯೋಗಾಲಯದ ಬೀಗದ ಕೈ. ಭಾನುವಾರ ಬಂದರೆ ಬೀಗ ಹಾಕಿರುತ್ತಿತ್ತು, ಜಗುಲಿಯಲ್ಲೇ ಪಾಠ ನಡೆಯುತ್ತಿತ್ತು. ಬೀಗದ ಕೈ ಸಿಕ್ಕ ಮೇಲೆ ನೋಡಬೇಕಿತ್ತು. ಮಕ್ಕಳು ಮನೆ ಹತ್ತಿರದ ಬೋರ್‌ವೆಲ್ ನೀರನ್ನು ಬಾಟಲಿಯಲ್ಲಿ ಹಿಡಿದು ತಂದರು. ಪ್ರತಿ ಬಾಟಲಿಗೂ ಚೀಟಿ ಅಂಟಿಸಿದರು: ಎಲ್ಲಿಯದು, ಎಷ್ಟು ಅಡಿ ಆಳ. ಫ್ಲೋರೈಡ್ ಪರೀಕ್ಷೆಯ ದ್ರಾವಣ ಹಾಕಿದಾಗ ಕೆಲವು ನಳಿಗೆಗಳಲ್ಲಿ ಬಣ್ಣ ಗುಲಾಬಿಯಾಗಿಯೇ ಉಳಿಯಿತು, ಕೆಲವು ಹಳದಿಗೆ ತಿರುಗಿದವು. ದ್ರಾವಣದಲ್ಲಿ ಜಿರ್ಕೋನಿಯಂ ಎಂಬ ಲೋಹ ಬಣ್ಣದ ಜೊತೆ ಅಂಟಿಕೊಂಡಿರುತ್ತದೆ. ಫ್ಲೋರೈಡ್ ಬಂದು ಅದನ್ನು ಎಳೆದುಕೊಂಡರೆ ಬಣ್ಣ ಬದಲಾಗುತ್ತದೆ. ಒಬ್ಬ ಹುಡುಗ "ನಮ್ಮ ನೀರು ಕೆಟ್ಟದ್ದು" ಅಂತ ಕೂಗಿದ. ಆಕೆ "ಒಂದೇ ಸಲಕ್ಕೆ ತೀರ್ಪು ಕೊಡ್ತೀಯಾ? ಇನ್ನೊಂದು ಸಲ ಮಾಡು" ಅಂದರು. ಬೇರೆ ಏನೂ ಹೇಳಲಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡಿಗೆ ಲೀಟರಿಗೆ 1.5 ಮಿಲಿಗ್ರಾಂ ಮಿತಿ ಅಂತ ನಾನು ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೇನೆ. ಮಕ್ಕಳ ತಲೆಗೆ ಅದು ಹೋಗಿದ್ದು ಅವತ್ತು.

ಇಂಥದ್ದನ್ನೇ ಒಂದು ಪತ್ರವಾಗಿ ಬರೆದು ಕೊಡಿ. ನನ್ನ ಪ್ರಕಾರ ನಿಜವಾದ ಗೌರವ ಅದು. ವಿಜ್ಞಾನಿಗಳ ದೊಡ್ಡ ಪ್ರಶಸ್ತಿಗಳು, 45 ವರ್ಷದವರೆಗಿನವರಿಗೆ ಕೊಡುವ ವಿಜ್ಞಾನ ಯುವ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿಯೂ ಸೇರಿ, ಮುಖ್ಯವಾಗಿ ನೋಡುವುದು ಸಂಶೋಧನೆಯನ್ನು. ಭಾನುವಾರದ ಪಾಠ ಯಾರ ಲೆಕ್ಕಕ್ಕೂ ಬರುವುದಿಲ್ಲ, ಯಾರೋ ಬರೆದು ತಿಳಿಸುವ ತನಕ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2022ರಲ್ಲಿ ವೈಜ್ಞಾನಿಕ ಸಾಮಾಜಿಕ ಜವಾಬ್ದಾರಿಯ ಮಾರ್ಗಸೂಚಿ ತಂದಿತು. ವಿಜ್ಞಾನಿಗಳು ವರ್ಷಕ್ಕೆ ಕನಿಷ್ಠ 10 ದಿನ ಸಮಾಜದ ಕೆಲಸಕ್ಕೆ ಕೊಡಲಿ ಅನ್ನುತ್ತದೆ ಅದು. ಹಾಗಾಗಿ ನಿಮ್ಮ ಪತ್ರ ಅವರ ಸಂಸ್ಥೆಯ ನಿರ್ದೇಶಕರಿಗೆ ಹೋದರೆ ಸುಮ್ನೆ ಹೊಗಳಿಕೆಯಾಗಿ ಉಳಿಯುವುದಿಲ್ಲ. "ತುಂಬಾ ಒಳ್ಳೆಯವರು, ಸರಳ ಸ್ವಭಾವದವರು" ಅಂತ ಬರೆಯಬೇಡಿ, ಅದು ಎಲ್ಲರಿಗೂ ಬರೆಯುವ ಮಾತು. ಯಾವ ತರಗತಿ, ಯಾವ ಪ್ರಯೋಗ, ಮಕ್ಕಳು ಆಮೇಲೆ ಏನು ಮಾಡಿದರು, ಅದನ್ನು ಬರೆಯಿರಿ.

ಶಾಲಾ ಮಕ್ಕಳ ಹೊಸ ಐಡಿಯಾಗಳಿಗಾಗಿ ಇರುವ ಕೇಂದ್ರದ ಯೋಜನೆ ಇನ್‌ಸ್ಪೈರ್ ಅವಾರ್ಡ್ ಮಾನಕ್‌ಗೆ ನಿಮ್ಮ ಮಕ್ಕಳ ಐಡಿಯಾ ಕಳಿಸುತ್ತೀರಲ್ವಾ? ಆಯ್ಕೆಯಾದ ಮಗುವಿಗೆ ಮಾದರಿ ಮಾಡಲು 10,000 ರೂಪಾಯಿ ಬರುತ್ತದೆ. ಮಗುವಿಗೆ ದಾರಿ ತೋರಿಸಿದ್ದು ನಿಮ್ಮೂರಿನ ಆ ವಿಜ್ಞಾನಿಯಾದರೆ, ಮಾದರಿಯ ಪಕ್ಕದ ಚಾರ್ಟಿನಲ್ಲಿ ಅವರ ಹೆಸರು ಹಾಕಿ. ನಮ್ಮ ಕಡೆ ಇದರಲ್ಲೇ ಜಿಪುಣತನ ಜಾಸ್ತಿ.

ವಿಜ್ಞಾನ ಓದಿದವರು ಊರಿನ ಮಕ್ಕಳ ಕಲಿಕೆಗೆ ದುಡಿಯುವುದು ನಮ್ಮ ತಾಲ್ಲೂಕಿನಲ್ಲಿ ಹೊಸದೇನೂ ಅಲ್ಲ. ಇಲ್ಲಿನ ಹೊಸೂರಿನಲ್ಲಿ ಹುಟ್ಟಿದ ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯನವರು (ಎಚ್ಚೆನ್) ಅಮೆರಿಕದಲ್ಲಿ ಪಿಎಚ್‌ಡಿ ಮಾಡಿ ವಾಪಸ್ ಬಂದರು. 1962ರಲ್ಲಿ ಜನರಿಗಾಗಿ ವಿಜ್ಞಾನದ ಉಪನ್ಯಾಸ ನಡೆಸುವ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಗೌರಿಬಿದನೂರು, ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ಬಂದವು. 1984ರಲ್ಲಿ ಪದ್ಮಭೂಷಣವೂ ಬಂತು. ಆದರೆ ಇಲ್ಲಿನವರು ಎಚ್ಚೆನ್ ಅಂದರೆ ಮೊದಲು ಹೇಳುವುದು ಕಾಲೇಜಿನ ಮಾತನ್ನೇ.

ಸಮಾರಂಭ ಮಾಡಲೇಬೇಕು ಅಂದರೆ ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ, ಒಳ್ಳೆಯದು. ಪರೀಕ್ಷೆ ಹತ್ತಿರ ಇರುತ್ತದೆ, ಹತ್ತನೇ ಕ್ಲಾಸಿನವರನ್ನು ಬಿಟ್ಟುಬಿಡಿ. ಪತ್ರವನ್ನು ಅವತ್ತೇ ಎಲ್ಲರ ಮುಂದೆ ಓದಿಸಿ, ಒಂದು ಪ್ರತಿ ಅವರ ಕೈಗೆ ಕೊಡಿ. ಮುಖ್ಯೋಪಾಧ್ಯಾಯರ ಸಹಿ, ಸೀಲು ಎರಡೂ ಇರಲಿ.