ಮೆಚ್ಚಿನ ಕಾದಂಬರಿಯ ಚಲನಚಿತ್ರಕ್ಕೆ ಒಳ್ಳೆಯ ಬ್ಲೂ-ರೇ ಬರುವವರೆಗೆ ಕಾಯಬೇಕೆ?

ನಿಮಗೆ ಪ್ರಿಯವಾದ ಕಾದಂಬರಿಯೊಂದನ್ನು ಆಧರಿಸಿದ ಹಳೆಯ ಚಲನಚಿತ್ರವು ಮಸುಕಾದ ಡಿವಿಡಿಯಲ್ಲಿ ಮಾತ್ರ ಸಿಗುತ್ತಿದೆ, ಒಳ್ಳೆಯ ಆವೃತ್ತಿ ಬರಲು ಇಷ್ಟೊಂದು ವರ್ಷ ಏಕೆ ಬೇಕು, ಕಾಯುವುದೋ ಇರುವುದನ್ನೇ ಕೊಳ್ಳುವುದೋ ಎಂದು ಕೇಳಿದ್ದೀರಿ. ಇರುವುದನ್ನು ಕೊಂಡು ಈಗಲೇ ನೋಡಿಬಿಡಿ ಎಂದು ನಾನು ಹೇಳುತ್ತೇನೆ. ಆಮೇಲೆ ಕಾಯುವುದಿದ್ದರೂ, ಡಿವಿಡಿಗಿಂತ ಸ್ಪಷ್ಟವಾದ ಚಿತ್ರವನ್ನು ಹಿಡಿಸಬಲ್ಲ ಡಿಸ್ಕಿನ ‘ಬ್ಲೂ-ರೇ’ ಎಂಬ ಹೆಸರಿಗಾಗಿ ಕಾಯಬೇಡಿ. ಆ ಡಿಸ್ಕನ್ನು ಯಾವ ಫಿಲ್ಮಿನಿಂದ ಸಿದ್ಧಪಡಿಸಿದ್ದಾರೆ ಎಂಬುದು ಗೊತ್ತಾಗುವವರೆಗೆ ಕಾಯಿರಿ. ಇದನ್ನು ನಾನು ಕಲಿತದ್ದು ‘ಪಥೇರ್ ಪಾಂಚಾಲಿ’ಗಾಗಿ ಕಾದ ವರ್ಷಗಳಲ್ಲಿ.

ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಆ ಕಾದಂಬರಿಯನ್ನು ಅನುವಾದದಲ್ಲಿ ಓದಿ ಮುಗಿಸಿದ ಮೇಲೆ, ಸತ್ಯಜಿತ್ ರೇ 1955ರಲ್ಲಿ ತೆರೆಗೆ ತಂದ ಚಿತ್ರವನ್ನು ನೋಡಲೇಬೇಕೆಂಬ ಹಟದಿಂದ ಒಂದು ಡಿವಿಡಿಯನ್ನು ಕೊಂಡುಕೊಂಡಿದ್ದೆ. ಅಪು ಮತ್ತು ಅವನ ಅಕ್ಕ ದುರ್ಗಾ ರೈಲು ನೋಡಲು ಕಾಶ ಹುಲ್ಲಿನ ನಡುವೆ ಓಡುವ ದೃಶ್ಯದಲ್ಲಿ ಹೂವಿನ ಬಿಳಿಯೂ ಆಕಾಶದ ಬಿಳಿಯೂ ಕಲಸಿಹೋಗಿ, ಮಕ್ಕಳಿಬ್ಬರೂ ಹಾಲಿನೊಳಗೆ ಓಡುತ್ತಿರುವಂತೆ ಕಾಣುತ್ತಿತ್ತು. ಅದಕ್ಕೆ ಮುಂಚೆ ದುರ್ಗಾ ತಂತಿಕಂಬಕ್ಕೆ ಕಿವಿಗೊಟ್ಟಾಗ ಕೇಳಬೇಕಾದ ಗುಂಯ್‌ಗುಟ್ಟುವಿಕೆ ಯಾವುದು, ಸವೆದ ಪ್ರಿಂಟಿನ ಸದ್ದು ಯಾವುದು ಎಂಬುದೇ ತಿಳಿಯುತ್ತಿರಲಿಲ್ಲ. ಆದರೂ ಆ ಡಿಸ್ಕಿನಲ್ಲೇ ಚಿತ್ರವನ್ನು ನಾಲ್ಕೈದು ಬಾರಿ ನೋಡಿದ್ದೇನೆ, ನೋಡಿದ್ದಕ್ಕೆ ಬೇಸರವಿಲ್ಲ. (ರೇ ಅವರೇ ಈ ದೃಶ್ಯಕ್ಕಾಗಿ ಕಾದವರು. ಮೊದಲ ದಿನ ಸ್ವಲ್ಪ ಚಿತ್ರೀಕರಿಸಿ, ಕೆಲವು ದಿನ ಬಿಟ್ಟು ಮರಳುವಷ್ಟರಲ್ಲಿ ದನಗಳು ಹೂವನ್ನೆಲ್ಲ ಮೇಯ್ದುಬಿಟ್ಟಿದ್ದವು. ಉಳಿದ ಭಾಗಕ್ಕೆ ಮುಂದಿನ ವರ್ಷದ ಹೂವೇ ಬೇಕಾಯಿತು.)

ಒಳ್ಳೆಯ ಆವೃತ್ತಿ ತಡವಾದದ್ದಕ್ಕೆ ಯಾರ ಸೋಮಾರಿತನವೂ ಕಾರಣವಲ್ಲ. 1992ರಲ್ಲಿ ರೇ ಅವರಿಗೆ ಗೌರವ ಆಸ್ಕರ್ ನೀಡುವ ಹೊತ್ತಿಗೆ ಅವರ ಚಿತ್ರಗಳ ಪ್ರಿಂಟುಗಳು ಎಷ್ಟು ಹಾಳಾಗಿವೆ ಎಂಬುದು ಆ ಪ್ರಶಸ್ತಿ ಕೊಡುವ ಅಕಾಡೆಮಿಯವರ ಗಮನಕ್ಕೆ ಬಂದಿತ್ತು. ಮರುವರ್ಷ ಮೂಲ ನೆಗೆಟಿವ್‌ಗಳು (ಚಿತ್ರೀಕರಣದ ವೇಳೆ ಕ್ಯಾಮೆರಾದಲ್ಲಿದ್ದ ಫಿಲ್ಮು) ಲಂಡನ್ನಿನ ಲ್ಯಾಬೊಂದರಲ್ಲಿದ್ದಾಗ, 1993ರ ಜುಲೈನಲ್ಲಿ, ಅಲ್ಲಿ ಬೆಂಕಿ ಬಿತ್ತು. ‘ಪಥೇರ್ ಪಾಂಚಾಲಿ’, ‘ಅಪರಾಜಿತೊ’, ‘ಅಪುರ್ ಸಂಸಾರ್’ ಸೇರಿದ ಅಪು ಚಿತ್ರತ್ರಯದ ನೆಗೆಟಿವ್‌ಗಳೂ ಅದಕ್ಕೆ ಸಿಕ್ಕಿದವು. ಅಳಿದುಳಿದ ತುಂಡುಗಳನ್ನು ಅಕಾಡೆಮಿಯ ಸಂಗ್ರಹಾಗಾರದಲ್ಲಿ ಇಟ್ಟರು. ಸೆಟೆದು, ಕರಗಿ, ಒಂದಕ್ಕೊಂದು ಅಂಟಿದ್ದ ಆ ಸುರುಳಿಗಳನ್ನು ಓದಬಲ್ಲ ಯಂತ್ರ ಆಗ ಯಾರ ಬಳಿಯೂ ಇರಲಿಲ್ಲ. ಅಂದರೆ ನಾನು ‘ಇನ್ನೂ ಏಕೆ ಬಂದಿಲ್ಲ’ ಎಂದು ಗೊಣಗುತ್ತಿದ್ದ ಕಾಲದಲ್ಲಿ, ಬರಬೇಕಾದ ವಸ್ತು ಸುಟ್ಟ ಡಬ್ಬಿಗಳೊಳಗೆ ಸುಮ್ಮನೆ ಬಿದ್ದಿತ್ತು. ಸುಮಾರು ಇಪ್ಪತ್ತು ವರ್ಷಗಳ ನಂತರ ಹಳೆಯ ಚಿತ್ರಗಳ ಡಿಸ್ಕುಗಳನ್ನು ಹೊರತರುವ ಕ್ರೈಟೀರಿಯನ್ ಸಂಸ್ಥೆ ಮತ್ತು ಅಕಾಡೆಮಿ ಸೇರಿ ಅದನ್ನು ಇಟಲಿಯ ಬೊಲೊನ್ಯಾದ ಲಿಮ್ಮಾಜಿನೆ ರಿತ್ರೊವಾತಾ ಲ್ಯಾಬಿಗೆ ಕೊಟ್ಟವು. ಅಲ್ಲಿಯವರು ಒಣಗಿದ ಫಿಲ್ಮಿಗೆ ದ್ರಾವಣದಿಂದ ಮತ್ತೆ ತೇವ ತುಂಬಿಸಿ, ಮೇಣ ಮತ್ತು ಟೇಪನ್ನು ಬಿಡಿಸಿ, ಅಂಚಿನ ತೂತುಗಳನ್ನು ಒಂದೊಂದಾಗಿ ಮರಳಿ ಕಟ್ಟಿದರು. ಕೈಕೆಲಸಕ್ಕೇ ಹತ್ತಿರ ಹತ್ತಿರ 1,000 ಗಂಟೆ ಹಿಡಿಯಿತು. ಕೊನೆಗೆ ‘ಪಥೇರ್ ಪಾಂಚಾಲಿ’ಯ ಮೂಲ ನೆಗೆಟಿವ್‌ನಲ್ಲಿ ಸುಮಾರು ಶೇ. 40ರಷ್ಟು, ‘ಅಪರಾಜಿತೊ’ದಲ್ಲಿ ಶೇ. 60ಕ್ಕಿಂತ ಹೆಚ್ಚು ಬಳಕೆಗೆ ಬಂತು. ಉಳಿದುದಕ್ಕೆ ಬೇರೆ ಬೇರೆ ಸಂಗ್ರಹಾಗಾರಗಳಲ್ಲಿದ್ದ ಡ್ಯೂಪ್ ನೆಗೆಟಿವ್ (ನೆಗೆಟಿವ್‌ನ ನಕಲು) ಮತ್ತು ಫೈನ್-ಗ್ರೇನ್ (ನಕಲು ತೆಗೆಯಲೆಂದೇ ಮಾಡಿದ ಸೂಕ್ಷ್ಮ ಕಣಗಳ ಪಾಸಿಟಿವ್) ಪ್ರತಿಗಳನ್ನು ಅವಲಂಬಿಸಬೇಕಾಯಿತು. ಬ್ಲೂ-ರೇ ಹೊರಬಂದದ್ದು 2015ರಲ್ಲಿ. ಈಗ ಆ ಕಾಶದ ಬಯಲಿನಲ್ಲಿ ತೆನೆ ತೆನೆಯೂ ಬೇರೆಯಾಗಿ ಗಾಳಿಗೆ ಬಾಗುವುದು ಕಾಣುತ್ತದೆ, ರೈಲಿನ ಕಪ್ಪು ಹೊಗೆ ಬೂದು ಆಕಾಶದಿಂದ ಬೇರ್ಪಟ್ಟು ನಿಲ್ಲುತ್ತದೆ.

ನಿಮ್ಮ ಚಿತ್ರದ ತಡಕ್ಕೆ ಬೆಂಕಿಯೇ ಕಾರಣವಾಗಿರಬೇಕಿಲ್ಲ. ಕಾದಂಬರಿ ಆಧಾರಿತ ಚಿತ್ರಗಳಿಗೆ ಹಕ್ಕುಗಳ ಗೋಜು ಒಂದು ಪಾಲು ಹೆಚ್ಚು: ನಿರ್ಮಾಪಕರ ವಾರಸುದಾರರ ಜೊತೆಗೆ ಲೇಖಕರ ವಾರಸುದಾರರೂ ಇರುತ್ತಾರೆ, ಹಳೆಯ ಕರಾರಿನಲ್ಲಿ ಡಿಸ್ಕಿನ ಮಾತೇ ಇರುವುದಿಲ್ಲ. ಇದರಲ್ಲಿ ನೋಡುಗರು ಮಾಡಬಹುದಾದದ್ದು ಏನೂ ಇಲ್ಲ.

ಮಾಡಬಹುದಾದದ್ದು ಇರುವುದು ಹಣ ಕೊಡುವ ಮುನ್ನ. ನಾನೊಮ್ಮೆ ಬೇರೊಂದು ಕಾದಂಬರಿಯ ಚಿತ್ರವನ್ನು ಬ್ಲೂ-ರೇ ಎಂಬ ಒಂದೇ ಕಾರಣಕ್ಕೆ ದುಬಾರಿ ಬೆಲೆ ಕೊಟ್ಟು ತರಿಸಿಕೊಂಡಿದ್ದೆ. ಮನೆಯಲ್ಲಿದ್ದ ಡಿವಿಡಿಯ ಚಿತ್ರವನ್ನೇ ಹಿಗ್ಗಿಸಿ ತುಂಬಿದ್ದರು. ಡಿವಿಡಿಯಲ್ಲಿ ನಾಯಕಿಯ ಕೆನ್ನೆಯ ಮೇಲೆ ಹಾದುಹೋಗುತ್ತಿದ್ದ ಗೀರು ಅದೇ ಕ್ಷಣಕ್ಕೆ, ಅದೇ ಜಾಗದಲ್ಲಿ, ಇನ್ನಷ್ಟು ದಪ್ಪವಾಗಿ ಹಾದುಹೋಯಿತು. 720×576 ಚುಕ್ಕೆಗಳ ಚಿತ್ರವನ್ನು 1920×1080ಕ್ಕೆ ಎಳೆದ ಮಾತ್ರಕ್ಕೆ ಹೊಸ ವಿವರ ಹುಟ್ಟುವುದಿಲ್ಲ. ಆದ್ದರಿಂದ ಪ್ರಕಟಣೆಯಲ್ಲಿ ‘4ಕೆ’ (ಅಡ್ಡಕ್ಕೆ ಸುಮಾರು 4,000 ಚುಕ್ಕೆಗಳು) ಎಂದಷ್ಟೇ ಇದ್ದರೆ ನಂಬಬೇಡಿ, ಸ್ಕ್ಯಾನ್ ಮಾಡಿದ್ದು ಮೂಲ ನೆಗೆಟಿವನ್ನೋ, ಅದರ ಪ್ರತಿಯನ್ನೋ, ಚಿತ್ರಮಂದಿರದಲ್ಲಿ ಓಡಿ ಸವೆದ ಪ್ರಿಂಟನ್ನೋ ಎಂಬುದನ್ನು ಹುಡುಕಿ. ಒಳ್ಳೆಯ ಕೆಲಸ ಮಾಡಿದವರು ಇದನ್ನು ಮುಚ್ಚಿಡುವುದಿಲ್ಲ. ನಂತರ ಮಾದರಿ ಚಿತ್ರಗಳಲ್ಲಿ ಮುಖಗಳನ್ನು ನೋಡಿ: ಚರ್ಮವು ಮೇಣದ ಬೊಂಬೆಯಂತೆ ನುಣುಪಾಗಿದ್ದರೆ, ಫಿಲ್ಮಿನ ಸಹಜ ಗ್ರೇನನ್ನು, ಅಂದರೆ ಸಣ್ಣ ಕಣಗಳ ರಚನೆಯನ್ನು, ‘ಕೊಳೆ’ ಎಂದು ತಿಳಿದು ಒರೆಸಿಬಿಟ್ಟಿದ್ದಾರೆ ಎಂದೇ ಅರ್ಥ, ನನಗಂತೂ ಅದಕ್ಕಿಂತ ಗೀರುಗಳೇ ಮೇಲು. ಚೌಕಕ್ಕೆ ಹತ್ತಿರವಾದ ಆಕಾರದಲ್ಲಿ ತೆಗೆದ ಹಳೆಯ ಚಿತ್ರ ಅಗಲವಾದ ಟಿವಿ ಪರದೆಯನ್ನು ಪೂರ್ತಿ ತುಂಬಿದ್ದರೆ, ತಲೆ ಮತ್ತು ಕಾಲನ್ನು ಕತ್ತರಿಸಿಯೋ ಅಡ್ಡಕ್ಕೆ ಎಳೆದೋ ತುಂಬಿರುತ್ತಾರೆ.

ಕೊನೆಯದಾಗಿ, ಬೇರೆ ದೇಶದಿಂದ ತರಿಸುವುದಾದರೆ ವಲಯದ ಅಕ್ಷರವನ್ನು ಪರೀಕ್ಷಿಸಿಕೊಳ್ಳಿ. ಬ್ಲೂ-ರೇಗಳಲ್ಲಿ ಅಮೆರಿಕದ್ದು ‘ಎ’, ಯೂರೋಪಿನದ್ದು ‘ಬಿ’, ಭಾರತದ್ದು ‘ಸಿ’. ಹೊಂದದಿದ್ದರೆ ಪ್ಲೇಯರ್ ಡಿಸ್ಕನ್ನು ಓದುವುದಿಲ್ಲ. 4ಕೆ ಚಿತ್ರವಿರುವ ಅಲ್ಟ್ರಾ ಎಚ್‌ಡಿ ಡಿಸ್ಕುಗಳಿಗೆ ಈ ಬೇಲಿ ಇಲ್ಲ, ಆದರೆ ಅದೇ ಪೆಟ್ಟಿಗೆಯಲ್ಲಿ ಬರುವ ಸಾಮಾನ್ಯ ಬ್ಲೂ-ರೇಗೆ ಇರಬಹುದು. ಸಂದರ್ಶನ ಮುಂತಾದ ಪೂರಕ ಭಾಗಗಳು ಹೆಚ್ಚಾಗಿ ಆ ಡಿಸ್ಕಿನಲ್ಲೇ ಇರುತ್ತವೆ.